ಮುಸುರಿಯ ವಿಲೇವಾರಿ

ನಮ್ಮ ಮಾವನವರು ಪುಣೆಯ ಒಂದು ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಜಗತ್ತಿನಲ್ಲಿರುವುದೆಲ್ಲ ಎರಡೇ ಜಾತಿ ಅಂತ ಅವರ ನಂಬಿಕೆ: ವಿಲೇವಾರಿ ಆದದ್ದು, ಆಗದೆ ಉಳಿದದ್ದು. ಅವರ ಮೇಜಿನ ಮೇಲೆ ಒಂದು ಕಾಗದ ಸಂಜೆತನಕ ಉಳಿದದ್ದನ್ನು ಯಾರೂ ಕಂಡಿಲ್ಲವಂತೆ. ಹಾಗಂತ ಅವರೇ ಹೇಳುತ್ತಿದ್ದರು. ಮನೆಯಲ್ಲಿ ಮಾತ್ರ ಒಂದು ಬಾಲ್ದಿ ಅವರ ಕೈ ಮೀರಿ ಹೋಯಿತು. ಅದು ಮುಸುರಿ ಬಾಲ್ದಿ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮೊದಲಿನ ಮಾತು ಇದು. ನಾನು ಲಗ್ನವಾಗಿ ಧಾರವಾಡದಿಂದ ಪುಣೆಗೆ ಬಂದು ವರ್ಷ ತುಂಬಿತ್ತು ಅಷ್ಟೆ. ಪೇಟೆಯ ಒಂದು ಹಳೇ ವಾಡೆಯಲ್ಲಿ ಕೆಳಗಿನ ಎರಡು ಖೋಲಿ, ಒಂದು ಅಡಿಗೆಮನೆ ನಮ್ಮ ಪಾಲಿಗೆ. ಮಾವ, ಅತ್ತೆ, ನಮ್ಮ ಮನೆಯವರು, ನಾನು, ನಾಲ್ಕೇ ಮಂದಿ. ವಾಡೆಯ ಒಡತಿ ಮಾಲಕೀಣಬಾಯಿ ಮೇಲಿನ ಮಜಲಿನಲ್ಲಿ. ನಡುವೆ ಒಂದು ಚೌಕ, ಚೌಕದ ಮೂಲೆಯಲ್ಲಿ ಎಲ್ಲರ ಮನೆಯ ನೀರೂ ಹರಿದು ಹೋಗುವ ಒಂದೇ ಮೋರಿ.

ನಾಲ್ಕು ಮಂದಿಯ ಮನೆಯಲ್ಲಿ ಅಷ್ಟು ಮುಸುರಿ ಎಲ್ಲಿಂದ ಬಂತು ಅಂತ ನೀವು ಕೇಳಬೇಕು. ಮಾಲಕೀಣಬಾಯಿಯೂ ಅದನ್ನೇ ಕೇಳುತ್ತಿದ್ದರು. ಉತ್ತರ ಇಷ್ಟೇ, ನಾವು ಧಾರವಾಡದವರು. ಪುಣೆಯಲ್ಲಿ ಧಾರವಾಡದವರ ಮನೆ ಅಂದರೆ ಆ ಕಾಲಕ್ಕೆ ಒಂದು ಛತ್ರ. ಕೋರ್ಟಿನ ಕೆಲಸಕ್ಕೆ, ಕಾಲೇಜಿಗೆ ಹೆಸರು ಹಚ್ಚಲಿಕ್ಕೆ, ಕನ್ಯಾ ನೋಡಲಿಕ್ಕೆ, ಕಣ್ಣು ತೋರಿಸಲಿಕ್ಕೆ ಅಂತ ಯಾರಾದರೂ ಗಾಡಿ ಇಳಿದವರೇ ನೆಟ್ಟಗೆ ಮನೆಗೆ ಬಂದುಬಿಡುವವರು. ಮೊದಲೇ ತಿಳಿಸಿ ಬರುವುದು ಪರಕೀಯರ ಲಕ್ಷಣ. ಹೀಗಾಗಿ ಯಾರು ಬರಲಿ ಬಿಡಲಿ, ಅತ್ತೆಯವರು ದಿನಾಲೂ ಎರಡು ಆಳಿನ ಅನ್ನ ಹೆಚ್ಚಿಗೆ ಮಾಡುವವರು. "ನಾಳೆ ಯಾರರ ಬಂದು ಅನ್ನ ಸಾಲಲಿಲ್ಲ ಅಂದ್ರ ಧಾರವಾಡದಾಗ ನಾವು ತಲಿ ಎತ್ತಿ ತಿರಗೂ ಹಂಗಿಲ್ಲ" ಅನ್ನುವವರು. ತಿಂಗಳಿಗೆ ಒಂದಿಬ್ಬರು ಬಂದರೆ ಹೆಚ್ಚು. ಉಳಿದ ದಿನ ಬಾರದವರ ಅನ್ನ ಪಾತೇಲಿಯಲ್ಲಿ ಹಾಗೇ ಕೂತಿರುತ್ತಿತ್ತು.

ಉಳಿದದ್ದನ್ನೆಲ್ಲ ಒಂದು ಬಾಲ್ದಿಗೆ ಸುರಿದರೆ ಮುಗಿಯಿತು ಅಂದುಕೊಂಡವರು ನಮ್ಮ ಅತ್ತೆಯವರ ಅಡಿಗೆಮನೆ ಕಂಡವರಲ್ಲ. ಹಸಿ ಕಾಯಿಪಲ್ಲೆಯ ಸಿಪ್ಪೆ ಒಂದು ಜಾತಿ, ಅದಕ್ಕೆ ದೋಷವಿಲ್ಲ. ಬೇಯಿಸಿದ್ದು, ಆದರೆ ಯಾರೂ ಬಾಯಿ ಹಚ್ಚದ್ದು ಮುಸುರಿ; ಅದನ್ನು ಮುಟ್ಟಿದರೆ ಕೈ ತೊಳೆಯಬೇಕು. ತಾಟಿನಲ್ಲಿ ಬಿಟ್ಟದ್ದು ಎಂಜಲು. ಎಂಜಲು ಮುಸುರಿಗೆ ತಾಗಿದರೆ ಅದೂ ಎಂಜಲು, ಮುಸುರಿ ಸಿಪ್ಪೆಗೆ ತಾಗಿದರೆ ಅದೂ ಮುಸುರಿ. ಒಂದೊಂದಕ್ಕೂ ಬೇರೆ ಪಾತ್ರೆ, ಬೇರೆ ಜಾಗ. ಮೂರನ್ನೂ ಬೆರೆಸಿ ಎಸೆಯುವ ಪುಣೆಯ ಮಂದಿಯ ಬಗ್ಗೆ ಅತ್ತೆಯವರಿಗೆ ಮರುಕವಿತ್ತು.

ಬಾಲ್ದಿ ತುಂಬಿದರೆ ಮೋರಿಗೇ ಸುರಿಯುತ್ತಿದ್ದೆವು; ಶ್ರಾವಣದ ಮಳೆಗೆ ಆ ಮೋರಿ ಕಟ್ಟಿಕೊಂಡಿತು. ಒಂದು ಮುಂಜಾನೆ ಚೌಕದ ತುಂಬ ನಮ್ಮ ಮನೆಯ ಅಗಳು ತೇಲುತ್ತಿದ್ದವು. ನಮ್ಮವೇ ಅಂತ ಹೇಗೆ ಗೊತ್ತು ಅಂದರೆ, ವಾಡೆಯಲ್ಲಿ ಅಷ್ಟು ಅನ್ನ ಚೆಲ್ಲುವ ಪುಣ್ಯವಂತರು ಬೇರೆ ಯಾರೂ ಇರಲಿಲ್ಲ. ಮಾಲಕೀಣಬಾಯಿ ಜಿನೆಯ ಮೆಟ್ಟಿಲ ಮೇಲೆ ನಿಂತು, ನೌವಾರಿ ಸೀರೆಯ ನಿರಿಗೆ ಎತ್ತಿ ಹಿಡಿದು, "ಹೇ ಚಾಲಾಯಚಂ ನಾಹೀ" ಅಂದರು. ಇದು ನಡೆಯುವುದಿಲ್ಲ, ದೀಪಾವಳಿಯೊಳಗೆ ನಿಮ್ಮ ಖರಕಟ್ಟಿಗೆ, ಅಂದರೆ ಮುಸುರಿಗೆ, ಒಂದು ದಾರಿ ಮಾಡಿಕೊಳ್ಳಿ, ಇಲ್ಲವಾದರೆ ಖೋಲಿ ಖಾಲಿ ಮಾಡಿ ಅಂತ ಮರಾಠಿಯಲ್ಲಿ ಸ್ವಚ್ಛವಾಗಿ ಹೇಳಿ ಮೇಲೆ ಹೋದರು.

ಮಾವನವರು ಅಂದು ಸಂಜೆ ಜಮಖಾನೆ ಹಾಸಿ ಸಭೆ ಕರೆದರು. ಮುಸುರಿಯ ವಿಲೇವಾರಿಗೆ ಖಾಯಂ ವ್ಯವಸ್ಥೆ ಆಗಬೇಕು ಅಂತ ಠರಾವಾಯಿತು. ವ್ಯವಸ್ಥೆ ಆಗುವತನಕ ಏನು ಗತಿ ಅನ್ನುವ ಪ್ರಶ್ನೆಗೆ ಅತ್ತೆಯವರು ಕೂತಲ್ಲೇ ಉತ್ತರ ಕೊಟ್ಟರು. "ಅಲ್ಲೀತನಕ ಬಾಲ್ದಿಗೆ ಏನೂ ಹೋಗೂದು ಬ್ಯಾಡ. ಉಳಿದದ್ದು ನಾವಿಬ್ಬರು ಹೆಣ್ಮಕ್ಕಳು ಉಂಡು ಮುಗಸ್ತೇವಿ." ಇಬ್ಬರು ಗಂಡಸರೂ ಗೋಣು ಹಾಕಿದರು. ಬಹಳ ಸೊಗಸಾದ ತೀರ್ಮಾನ ಅಂತ ಅವರ ಮುಖದ ಮೇಲೇ ಬರೆದಿತ್ತು.

ನನಗೆ ಆಗ ಚೊಚ್ಚಲ ಬಸಿರು. ಹಳಸಿದ ವಾಸನೆ ದೂರದಿಂದ ಬಂದರೂ ಹೊಟ್ಟೆ ತೊಳಸುತ್ತಿತ್ತು. ಬಿಸಿ ಅನ್ನ, ಅದರ ಮೇಲೆ ಒಂದು ಹನಿ ತುಪ್ಪ, ನಿಂಬೆಹಣ್ಣಿನ ಸಾರು: ಇಷ್ಟೇ ನನ್ನ ಒಡಲು ಬೇಡುತ್ತಿದ್ದದ್ದು. ಸಿಗುತ್ತಿದ್ದದ್ದು ಮುಂಜಾನೆಗೆ ರಾತ್ರಿಯ ತಂಗಳು, ರಾತ್ರಿಗೆ ಮುಂಜಾನೆಯ ತಂಗಳು. ಬಿಸಿ ಅನ್ನ ಗಂಡಸರ ಪಂಕ್ತಿಗೆ ಹೋಗಿ, ಅಲ್ಲಿ ಉಳಿದು, ಆರಿ, ಮುಂದಿನ ಹೊತ್ತಿಗೆ ನನ್ನ ತಾಟಿಗೆ ಬರುತ್ತಿತ್ತು. "ತಂಗಳ ಮೈಗೆ ತಂಪು, ಉಣ್ಣು" ಅನ್ನುತ್ತಿದ್ದರು ಅತ್ತೆಯವರು, ಕೆಟ್ಟ ಮನಸ್ಸಿನಿಂದಲ್ಲ. ತಾವೂ ಅದನ್ನೇ ಉಣ್ಣುತ್ತಿದ್ದರು. ಉಂಡ ಅರ್ಧ ಗಳಿಗೆಗೆ ನಾನು ಮೋರಿಯ ಕಟ್ಟೆ ಹಿಡಿದು ಕೂತಿರುತ್ತಿದ್ದೆ. ಹೀಗಾಗಿ ಮುಸುರಿಗೆ ಒಂದು ಒಳ್ಳೆಯ ಗಿರಾಕಿ ಸಿಗಲಿ ಅಂತ ಆ ಮನೆಯಲ್ಲಿ ನನ್ನಷ್ಟು ಹಂಬಲಿಸಿದವರು ಯಾರೂ ಇಲ್ಲ. ಗಿರಾಕಿ ಸಿಕ್ಕರೆ ನನಗೆ ಬಿಡುಗಡೆ, ಇಲ್ಲವಾದರೆ ನಾನೇ ಗಿರಾಕಿ.

ಮೊದಲು ಆಕಳನ್ನು ಆರಿಸಿದರು. ಓಣಿಯ ಗವಳಿಯ ಆಕಳೊಂದು ದಿನಾ ಮನೆಮನೆಯ ಮುಂದೆ ನಿಂತು ಹೋಗುತ್ತಿತ್ತು. ಮಾವನವರು ಅದರ ಬರುವ ಹೊತ್ತು, ನಿಲ್ಲುವ ಜಾಗ ಎಲ್ಲ ವಿಚಾರಿಸಿಕೊಂಡು ಬಂದರು. ಅತ್ತೆಯವರು ಮಡಿಯುಟ್ಟು, ಎಂಜಲು ಸೋಂಕದ ಅನ್ನ, ಜೋಳದ ನುಚ್ಚು, ಒಂದು ಭಕ್ಕರಿ ತಾಟಿಗೆ ಹಾಕಿ, ಆಕಳ ಹಣೆಗೆ ಕುಂಕುಮ ಹಚ್ಚಿ ಮುಂದಿಟ್ಟರು. ಆಕಳು ಮೂಸಿ ನೋಡಿತು. ಮುಖ ತಿರುಗಿಸಿ ಪಕ್ಕದ ಮನೆಯವರ ಪುರಣಪೋಳಿಯ ಕಡೆ ನಡೆಯಿತು.

ಅತ್ತೆಯವರಿಗೆ ಅವಮಾನವಾಯಿತು. "ಪುಣೇದ ಆಕಳಿಗೆ ಸೊಕ್ಕು ಭಾಳ ಅದ" ಅಂದರು. ಮರುದಿನ ನುಚ್ಚಿಗೆ ಬೆಲ್ಲ ಬೆರೆಸಿದರು, ಅದರ ಮರುದಿನ ತುಪ್ಪ. ತುಪ್ಪ ಹಾಕಿದ ದಿನ ಆಕಳು ತಿಂದಿತು, ನಿಜ. ಗೋಮಾತೆಗೆ ಒಂದು ಚಮಚ ತುಪ್ಪ ಹೋದದ್ದನ್ನು ನಾನು ಬಾಗಿಲ ಮರೆಯಿಂದ ನೋಡಿದೆ, ನನ್ನ ಬಾಯಲ್ಲಿ ನೀರು ಬಂತು. ಆಕಳ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇದ್ದೇನು. ತುಪ್ಪದ ಖರ್ಚು ಮಾವನವರ ಗಮನಕ್ಕೆ ಬಂದ ಕೂಡಲೇ ಆಕಳ ನೇಮಕ ರದ್ದಾಯಿತು. ತಾಟು ಮತ್ತೆ ನನ್ನ ಕಡೆ ತಿರುಗಿತು.

ಆಮೇಲೆ ಕುಣಿ. ಕಸದಿಂದ ಗೊಬ್ಬರ ಮಾಡುವ ಬಗೆ ಮಾವನವರು ಯಾವುದೋ ಮರಾಠಿ ಪತ್ರಿಕೆಯಲ್ಲಿ ಓದಿದ್ದರು. ಮಾಲಕೀಣಬಾಯಿಯ ಒಪ್ಪಿಗೆ ಪಡೆದು ಹಿತ್ತಲಲ್ಲಿ ಕುಣಿ ತೋಡಿಸಿದರು. ಒಂದು ಪದರ ಸಿಪ್ಪೆ, ಒಂದು ಪದರ ಮಣ್ಣು, ಒಂದು ಪದರ ಮುಸುರಿ. ಎಂಜಲು ಎಲ್ಲಿಗೆ ಅನ್ನುವ ವಿಷಯಕ್ಕೆ ಗಂಡಹೆಂಡಿರಲ್ಲಿ ದೊಡ್ಡ ಚರ್ಚೆ. ಎಂಜಲಿನ ಗೊಬ್ಬರ ತುಳಸಿಗೆ ಹಾಕಿದರೆ ತುಳಸಿ ಎಂಜಲಾಗುವುದಿಲ್ಲವೇ ಅಂತ ಅತ್ತೆಯವರ ಆಕ್ಷೇಪ. ಕೊನೆಗೆ ಎಂಜಲಿಗೆ ಬೇರೆ ಸಣ್ಣ ಕುಣಿ ತೋಡಬೇಕಾಯಿತು. ಹದಿನೈದು ದಿನ ಸುಖವಾಗಿತ್ತು. ನಾನು ಎರಡೂ ಹೊತ್ತು ಬಿಸಿ ಅನ್ನ ಉಂಡೆ, ಉಂಡದ್ದು ಹೊಟ್ಟೆಯಲ್ಲಿ ನಿಂತಿತು. ಕುಣಿಗೆ ಮನಸಿನಲ್ಲೇ ಕೈ ಮುಗಿದೆ.

ಆಮೇಲೆ ಹೆಗ್ಗಣಗಳು ಬಂದವು. ಅವುಗಳ ಹಿಂದೆ ಇಲಿ. ಒಂದು ದಿನ ಕುಣಿಯ ಪಕ್ಕದಲ್ಲಿ ಒಂದು ಇಲಿ ಸತ್ತು ಬಿದ್ದಿತ್ತು. ಪುಣೆಯಲ್ಲಿ ಸತ್ತ ಇಲಿ ಅಂದರೆ ಏನು ಅಂತ ಈಗಿನವರಿಗೆ ಹೇಳಿ ತಿಳಿಯುವುದಿಲ್ಲ. ಪ್ಲೇಗಿನಲ್ಲಿ ಮನೆಗಟ್ಟಲೆ ಮಂದಿಯನ್ನು ಕಳಕೊಂಡವರೇ ಆ ವಾಡೆಯ ತುಂಬ ಇದ್ದರು. ಮಧ್ಯಾಹ್ನದೊಳಗೆ ಹಾಸಿಗೆ ಸುತ್ತಿ, ಟಾಂಗಾ ತರಿಸಿ, ಅರ್ಧ ವಾಡೆ ಊರ ಹೊರಗೆ ಹೊರಟು ನಿಂತಿತು. ಇಲಿಯನ್ನು ಬೆಕ್ಕು ಕಚ್ಚಿ ಬಿಟ್ಟದ್ದು, ಕತ್ತಿನ ಮೇಲೆ ಹಲ್ಲಿನ ಗುರುತಿದೆ ಅಂತ ನಮ್ಮ ಮನೆಯವರು ಕೋಲಿನಿಂದ ಹೊರಳಿಸಿ ಹೊರಳಿಸಿ ಎಲ್ಲರಿಗೂ ತೋರಿಸಿದ ಮೇಲೆ ಹಾಸಿಗೆಗಳು ಒಂದೊಂದೇ ಒಳಗೆ ಬಂದವು. ಕುಣಿಯನ್ನು ಅವತ್ತೇ ಮುಚ್ಚಿಸಿದರು. ಮಾಲಕೀಣಬಾಯಿ ಈ ಸಲ ಜಿನೆ ಇಳಿದು ನಮ್ಮ ಹೊಸ್ತಿಲತನಕ ಬಂದು, ದೀಪಾವಳಿ ಅಂದದ್ದು ನೆನಪಿದೆಯಲ್ಲ ಅಂತ ಕೇಳಿದರು. ರಾತ್ರಿ ನನ್ನ ತಾಟಿನಲ್ಲಿ ಮುಂಜಾನೆಯ ಅನ್ನ ಇತ್ತು.

ಇಷ್ಟಕ್ಕೇ ಬಿಡುವವರಲ್ಲ ಮಾವನವರು. ಇಂಗ್ರಜರ ದಂಡು ಇದ್ದ ಕ್ಯಾಂಪಿನಲ್ಲಿ ಯಾರೋ ಗೋರಾ ಸಾಹೇಬ ವಿಲಾಯತಿಗೆ ತಿರುಗಿ ಹೊರಟಿದ್ದ, ಅವನ ಮನೆಯ ಸಾಮಾನು ಲಿಲಾವಿಗೆ ಇಟ್ಟಿದ್ದರು. ಮಾವನವರು ಒಂದು ಕುರ್ಚಿ ತರುತ್ತೇನೆ ಅಂತ ಹೋದವರು ಟಾಂಗಾದಲ್ಲಿ ಒಂದು ಕಬ್ಬಿಣದ ಯಂತ್ರ ಇಟ್ಟುಕೊಂಡು ಬಂದರು. ಮೇಲೆ ಅಗಲವಾದ ಬಾಯಿ, ಹೊಟ್ಟೆಯೊಳಗೆ ತಿರುಚಿದ ಒಂದು ದಪ್ಪ ತಿರುಪು, ಮುಂದೆ ತೂತು ತೂತಿನ ಬಿಲ್ಲೆ, ಪಕ್ಕದಲ್ಲಿ ತಿರುವಲಿಕ್ಕೆ ಹಿಡಿಕೆ. ಅಡಿಗೆಮನೆಯ ಎಲ್ಲಾ ಜಿನಸನ್ನೂ ಬಾರೀಕ ಮಾಡುತ್ತದೆ ಅಂತ ಲಿಲಾವಿನವನು ಹೇಳಿದನಂತೆ. ಯಂತ್ರದ ಮೈಮೇಲೆ ಎರಕ ಹೊಯ್ದಿದ್ದ ಇಂಗ್ರಜಿ ಅಕ್ಷರಗಳನ್ನು ಮಾವನವರು ಕನ್ನಡಕ ಹಾಕಿಕೊಂಡು ನಮಗೆಲ್ಲ ಓದಿ ಹೇಳಿದರು. ಮಾಡಿದವರ ಹೆಸರು, ಊರ ಹೆಸರು, ಸೈಜಿನ ನಂಬರು ಎಲ್ಲ ಇತ್ತು. ಯಾತಕ್ಕೆ ಅಂತ ಮಾತ್ರ ಎಲ್ಲೂ ಇರಲಿಲ್ಲ.

"ಇದರಾಗ ಮುಸುರಿ ಹಾಕಿ ತಿರುವಿದರ ಹಿಟ್ಟಾಗಿ ಬರ್ತದ. ಎರಡು ಗಿಂಡಿ ನೀರು ಹಾಕಿದರ ಮೋರ್ಯಾಗ ಹರದು ಹೋಗ್ತದ. ಕಟ್ಟೂದು ಇಲ್ಲ, ನಾರೂದು ಇಲ್ಲ" ಅಂತ ಮಾವನವರು ವಿವರಿಸಿದರು. ನಮ್ಮ ಮನೆಯವರಿಗೆ ಕ್ಯಾಂಪಿನಲ್ಲೇ ನೌಕರಿ. ಅವರು ಯಂತ್ರವನ್ನು ನೋಡಿದರು, ತಂದೆಯನ್ನು ನೋಡಿದರು, ಏನೋ ಹೇಳಲಿಕ್ಕೆ ಬಾಯಿ ತೆರೆದವರು ಮುಚ್ಚಿಕೊಂಡರು.

ಅದು ನವರಾತ್ರಿ. ಖಂಡೇನವಮಿಯ ಆಯುಧಪೂಜೆಗೆ ಯಂತ್ರವನ್ನು ತೊಳೆದು, ಮಣೆಯ ಮೇಲಿಟ್ಟು, ಅರಿಶಿಣ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಈಳಿಗೆ, ಕೊಡತಿ, ಮಾವನವರು ಬರೆಯುವ ಟಾಕು ಇವುಗಳ ನಡುವೆ ಕೂರಿಸಿ ಪೂಜೆ ಮಾಡಿದೆವು. ಕಾಯಿ ಒಡೆದು ನೈವೇದ್ಯ ತೋರಿಸಿದರು. ಮಂಗಳಾರತಿ ಆಗುವಾಗ ನಮ್ಮ ಮನೆಯವರು ಕೈ ಮುಗಿಯದೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಭಕ್ತಿ ಕಡಿಮೆಯಾಗಿದೆ ಅಂತ ಅತ್ತೆಯವರು ಗದರಿಸಿದರು.

ದಸರೆಯ ಮರುದಿನ ಯಂತ್ರ ಕೆಲಸಕ್ಕೆ ನಿಂತಿತು. ವಾಡೆಯವರೆಲ್ಲ ನೋಡಲಿಕ್ಕೆ ಸೇರಿದರು. ಮಾವನವರೇ ಹಿಡಿಕೆ ತಿರುವಿದರು. ಅನ್ನ, ಸಿಪ್ಪೆ, ಭಕ್ಕರಿ ಎಲ್ಲ ಮುಂದಿನ ತೂತಿನಿಂದ ಎಳೆ ಎಳೆಯಾಗಿ ಇಳಿದು ಬಂದವು. ಬಾಳೆಲೆಯ ನಾರು ಸಿಕ್ಕಿ ಎರಡು ಸಲ ನಿಂತದ್ದು ಬಿಟ್ಟರೆ ಎಲ್ಲ ಸುಸೂತ್ರ. ಮಾಲಕೀಣಬಾಯಿ ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿ, ಧಾರವಾಡದ ಮಂದಿಗೆ ತಲೆ ಇದೆ ಅಂತ ಒಪ್ಪಿಕೊಂಡರು. ನನಗಂತೂ ಆ ಕಬ್ಬಿಣದ ತುಂಡು ತಾಯಿಯಂತೆ ಕಂಡಿತು. ಒಂದು ವಾರ ನಾನು ಬಿಸಿ ಅನ್ನ ಉಂಡೆ. ಮುಖಕ್ಕೆ ಕಳೆ ಬಂದಿದೆ ಅಂತ ಅತ್ತೆಯವರೇ ಅಂದರು.

ಕೆಡಿಸಿದವರೂ ಅತ್ತೆಯವರೇ. ಯಂತ್ರದ ಕಸುವು ನೋಡಿ ಅವರಿಗೆ ಆಸೆ ಹುಟ್ಟಿತು. ಇಂಥದನ್ನು ಮುಸುರಿಗೆ ಹಾಕಿ ಕೆಡಿಸುವುದು ದಂಡ, ಕುದಿಯುವ ನೀರಿನಲ್ಲಿ ತೊಳೆದು ಶುದ್ಧ ಮಾಡಿದರೆ ವಡೆಯ ಬೇಳೆ ರುಬ್ಬಬಹುದಲ್ಲ ಅಂದುಕೊಂಡರು. ಒಂದು ಆದಿತವಾರ ಮುಂಜಾನೆ ಕಡಲೆಬೇಳೆ ನೆನೆಹಾಕಿ, ಯಂತ್ರದ ಬಾಯಿಗೆ ಸುರಿಯಬೇಕು ಅನ್ನುವಷ್ಟರಲ್ಲಿ ನಮ್ಮ ಮನೆಯವರು ಅಡಿಗೆಮನೆಯ ಬಾಗಿಲಿಗೆ ಬಂದರು.

"ಅವ್ವಾ, ಅದರಾಗ ಬ್ಯಾಡ."

"ಯಾಕೋ? ತೊಳದೇನಲ್ಲ."

"ತೊಳದ್ರೂ ಬ್ಯಾಡ. ಅದು ಮಾಂಸ ಹೆಚ್ಚೂ ಯಂತ್ರ. ಸಾಹೇಬರ ಮನ್ಯಾಗ ಅದರಾಗ ಖೀಮಾ ಮಾಡ್ತಾರ."

ಬೇಳೆಯ ಪಾತ್ರೆ ಅತ್ತೆಯವರ ಕೈಯಲ್ಲೇ ನಿಂತಿತು. ಹೊರಗೆ ಪೇಪರು ಓದುತ್ತಿದ್ದ ಮಾವನವರೂ ಒಳಗೆ ಬಂದರು. ಆಮೇಲೆ ಅತ್ತೆಯವರು ಯಂತ್ರವನ್ನು ಬಿಟ್ಟು ಮಗನನ್ನು ನೋಡಿದರು.

"ಅದು ನಿನಗ ಹೆಂಗ ಗೊತ್ತು?"

ನಮ್ಮ ಮನೆಯವರು ಇದೇ ಪ್ರಶ್ನೆಗೆ ಹೆದರಿ ಅಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಕ್ಯಾಂಪಿನ ಇರಾಣಿಯ ಹೋಟೆಲಿನಲ್ಲಿ ಬರೀ ಚಹಾ ಕುಡಿಯುತ್ತೇನೆ, ಕುಡಿಯುವಾಗ ಒಳಗಿನ ಅಡಿಗೆಮನೆ ಕಣ್ಣಿಗೆ ಬೀಳುತ್ತದೆ ಅಂತ ಆಣೆ ಇಟ್ಟು ಹೇಳಿದರು. ನಂಬಿದರೋ ಬಿಟ್ಟರೋ, ಅವತ್ತು ಅಪ್ಪ ಮಗ ಇಬ್ಬರೂ ಪಂಚಗವ್ಯ ಕುಡಿದರು. ನನಗೂ ಒಂದು ಉದ್ಧರಣೆ ಬಂತು, ನಾನೇನು ಮಾಡಿದ್ದೆನೋ ದೇವರೇ ಬಲ್ಲ. ಪೂಜೆಗೊಂಡ ಯಂತ್ರವನ್ನು ಮಾವನವರು ಒಂದು ಹಳೇ ಧೋತರದಲ್ಲಿ ಸುತ್ತಿ ಮುಠಾ ಹೊಳೆಗೆ ಬಿಟ್ಟು ಬಂದರು. ಗಣಪತಿಯನ್ನು ಬಿಟ್ಟು ಬಂದವರ ಹಾಗೆ ಮೋರೆ ಸಣ್ಣದಾಗಿತ್ತು.

ಅಂದು ಸಂಜೆಯಿಂದ ತಂಗಳು ಶುರು. ಈ ಸಲ ಬೇರೆ ಯಾವ ಗಿರಾಕಿಯನ್ನೂ ಯಾರೂ ಹುಡುಕಲಿಲ್ಲ. ಹುಡುಕುವ ಅಗತ್ಯವೇ ಕಾಣಲಿಲ್ಲ ಅವರಿಗೆ, ಯಾಕೆಂದರೆ ಬಾಲ್ದಿ ಖಾಲಿ ಇತ್ತು. ಬಸುರಿಗೆ ಮಾಡುವ ಕುಬಸ ಮುಗಿಸಿ ತವರಿಗೆ ಹೋಗಲು ಇನ್ನೂ ದಿನ ಬಹಳ ಇದ್ದವು. ನನ್ನ ಕೈಬಳೆ ಮೊಣಕೈತನಕ ಜಾರುತ್ತಿದ್ದವು. ಹೊಟ್ಟೆಯಲ್ಲಿರುವುದಕ್ಕೆ ಏನಾಗುತ್ತದೋ ಅಂತ ನನಗೆ ಖರೇನ ಹೆದರಿಕೆ ಹತ್ತಿತ್ತು. ನಮ್ಮ ಮನೆಯವರ ಮುಂದೆ ಹೇಳಿದರೆ, "ಅವ್ವನ ಮುಂದ ಹೇಳು" ಅಂದರು. ಮಾಂಸದ ಯಂತ್ರದ ವಿಷಯದಲ್ಲಿ ತೋರಿಸಿದ ಧೈರ್ಯ ಅವರಿಗೆ ವರ್ಷಕ್ಕೆ ಸಾಕಾಗಿತ್ತು.

ದೀಪಾವಳಿಯ ಹಿಂದಿನ ವಾರ ಮಾಲಕೀಣಬಾಯಿ ತಪಾಸಣೆಗೆ ಬಂದರು. ಮೋರಿ ನೋಡಿದರು, ಸ್ವಚ್ಛ. ಬಾಲ್ದಿ ಬಗ್ಗಿ ನೋಡಿದರು, ತಳ ಕಾಣುತ್ತಿತ್ತು. ಯಂತ್ರವೂ ಇಲ್ಲ, ಕುಣಿಯೂ ಇಲ್ಲ, ಹಾಗಾದರೆ ಏನು ಮಾಡಿದಿರಿ ಅಂತ ಅಚ್ಚರಿಯಿಂದ ಕೇಳಿದರು. ಮಾವನವರು ಶಾಲು ಸರಿಪಡಿಸಿಕೊಂಡು ಮರಾಠಿಯಲ್ಲಿ ಶುರು ಮಾಡಿದರು. ಎಲ್ಲಾ ಶಿಸ್ತಿನ ಮಾತು ಬಾಯಿ, ಒಂದು ವ್ಯವಸ್ಥೆ ಅಂತ ಮಾಡಿದ ಮೇಲೆ ತಾನೇ ನಡೆಯುತ್ತದೆ, ಖರ್ಚಿಲ್ಲ, ಸದ್ದಿಲ್ಲ, ವಾಸನೆಯಿಲ್ಲ ಅಂತ.

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮಾವನವರ ಎದುರು ಅಲ್ಲಿತನಕ ನಾನು ದನಿ ಎತ್ತಿದವಳಲ್ಲ. ಆದರೆ ಸದ್ದಿಲ್ಲ ಅನ್ನುವ ಮಾತು ಕಿವಿಗೆ ಬಿದ್ದಾಗ ಮೈಯೆಲ್ಲ ಉರಿದು ಹೋಯಿತು. ಮಾಲಕೀಣಬಾಯಿಗೆ ತಿಳಿಯಲಿ ಅಂತ ನನಗೆ ಬರುತ್ತಿದ್ದ ಹರಕು ಮರಾಠಿಯಲ್ಲೇ ಹೇಳಿದೆ, "ಬಾಯಿ, ತೀ ವ್ಯವಸ್ಥಾ ಮ್ಹಣಜೇ ಮೀ." ಆ ವ್ಯವಸ್ಥೆ ಅಂದರೆ ನಾನು. ಇನ್ನೂ ಹೇಳುವವಳಿದ್ದೆ, ಹೊಟ್ಟೆ ಬಿಡಲಿಲ್ಲ. ಓಡಿ ಹೋಗಿ ಅವರೆಲ್ಲರ ಕಣ್ಣೆದುರಿಗೇ, ಆ ಸ್ವಚ್ಛ ಮೋರಿಯಲ್ಲಿ ಹಿಂದಿನ ದಿನದ ಅನ್ನವನ್ನೆಲ್ಲ ಕಾರಿಕೊಂಡೆ.

ಮಾಲಕೀಣಬಾಯಿ ಬಂದು ನನ್ನ ಹಣೆ ಹಿಡಿದುಕೊಂಡರು. ಒಂದು ಗಿಂಡಿ ನೀರು ಕೊಟ್ಟು, ಮೋರಿ ತಾವೇ ತೊಳೆದು ಮೇಲೆ ಹೋದರು. ಖೋಲಿ ಖಾಲಿ ಮಾಡುವ ಮಾತು ಅವರು ಮತ್ತೆ ಎತ್ತಲಿಲ್ಲ.

ಅತ್ತೆಯವರು ಮಾತ್ರ ಸುಮ್ಮನೆ ಬಿಡಲಿಲ್ಲ. "ಮಂದಿ ಮುಂದ ಮನೀ ಮರ್ಯಾದಿ ಕಳದಿ. ನಾನೂ ಲಗ್ನ ಆಗಿ ಬಂದಾಗಿಂದ ತಂಗಳನ ಉಂಡೇನಿ. ಅತ್ತೀ ಮನ್ಯಾಗ ಉಂಡೇನಿ, ಬಸರಿದ್ದಾಗ ಉಂಡೇನಿ, ಬಾಣಂತ್ಯಾಗಿ ಎದ್ದ ಮ್ಯಾಲೂ ಉಂಡೇನಿ. ನಾ ಯಾರ ಮುಂದರ ಹೇಳೇನೇನು? ನನ್ನ ಯಾರರ ಕೇಳ್ಯಾರೇನು?" ಅಂದರು. ಅಷ್ಟು ಅಂದವರು ಅಲ್ಲಿಗೇ ನಿಂತುಬಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡು ದೇವರ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ರಾತ್ರಿ ಊಟಕ್ಕೂ ಏಳಲಿಲ್ಲ.

ಮರುದಿನ ಅಡಿಗೆ ಎಂದಿನಂತೆ ಆಯಿತು. ಗಂಡಸರು ಕೈಕಾಲು ತೊಳೆದು ಪಡಸಾಲೆಯಲ್ಲಿ ಕಾಯುತ್ತಿದ್ದರು. ಅತ್ತೆಯವರು ಎರಡು ಮಣೆ ಹಾಕಿದರು, ಎರಡು ತಾಟು ಇಟ್ಟರು. ಬಡಿಸಲಿಕ್ಕೆ ಅಂತ ನಾನು ಅನ್ನದ ಪಾತೇಲಿ ಎತ್ತಲು ಹೋದೆ.

"ಇಡು ಕೆಳಗ" ಅಂದರು. "ಕೂಡು ಅಲ್ಲೆ."

ನಾನು ಕೂತೆ. ಹಬೆಯಾಡುವ ಅನ್ನ ಬಡಿಸಿದರು, ತೊವ್ವಿ ಹಾಕಿದರು, ತುಪ್ಪ ಹಾಕಿದರು. ಪಕ್ಕದ ಮಣೆಯ ಮೇಲೆ ತಾವು ಕೂತರು. ಪಡಸಾಲೆಯಿಂದ ಮಾವನವರು, "ಅಡಗಿ ಆಗಿಲ್ಲೇನು?" ಅಂತ ಕೇಳಿದರು.

"ಆಗ್ಯದ್ರಿ. ನಾವು ಊಟಕ್ಕ ಕೂತೇವಿ. ನಮ್ಮದಾದ ಮ್ಯಾಲೆ ನಿಮಗ" ಅಂದರು ಅತ್ತೆಯವರು, ತುತ್ತು ಕಲಸುತ್ತಾ.

ನಾನು ಹೊಟ್ಟೆತುಂಬ ಉಂಡೆ. ಅನ್ನ ಬಿಸಿಯಾಗಿದೆ ಅನ್ನುವ ಕಾರಣಕ್ಕೆ ಕಣ್ಣಲ್ಲಿ ನೀರು ಬಂತಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟೂ ಬಂತು. ಅತ್ತೆಯವರು ಎರಡನೇ ಸಲ ತುಪ್ಪ ಹಾಕಿಕೊಂಡರು. ಅವರು ತುಪ್ಪ ಹಾಕಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆಮೇಲೆ ಗಂಡಸರ ಪಂಕ್ತಿ. ಸಾರು ತಳಕ್ಕೆ ಇಳಿದಿತ್ತು, ಭಕ್ಕರಿ ಚೂರಾಗಿದ್ದವು, ಪಲ್ಯ ಬಾಯಿಗೆ ಹಚ್ಚಿಕೊಳ್ಳುವಷ್ಟು. ಅನ್ನ ಮಾತ್ರ ಬೇಕಾದಷ್ಟಿತ್ತು, ಹಿಂದಿನ ರಾತ್ರಿಯದು. ಅತ್ತೆಯವರು ಅದನ್ನು ಮಾವನವರ ತಾಟಿಗೆ ಎರಡು ಸಲ ಬಡಿಸಿದರು. ಮಾವನವರು ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದರು.

"ಇದು ನಿನ್ನೀದೇನು?"

"ಹೌದ್ರಿ, ನಿನ್ನೀದ. ಬಾಲ್ದಿಗೆ ಹಾಕೂ ಹಂಗಿಲ್ಲಲ್ಲ."

ಮಾವನವರು ಅಷ್ಟನ್ನೂ ಉಂಡು ಕೈ ತೊಳೆದುಕೊಂಡರು. ಮರುದಿನವೂ ಹೀಗೇ ಆಯಿತು, ಅದರ ಮರುದಿನವೂ. ನಾಲ್ಕನೆಯ ದಿನ ಮುಂಜಾನೆ, ಅತ್ತೆಯವರು ಅಕ್ಕಿ ಅಳೆಯುವ ಹೊತ್ತಿಗೆ, ಅಡಿಗೆಯ ವಿಷಯಕ್ಕೆ ಎಂದೂ ಬಾರದ ಮಾವನವರು ಬಂದು ಒಲೆಯ ಹತ್ತಿರ ನಿಂತರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಪಾತೇಲಿಯೊಳಗೆ ಇಣುಕಿ ನೋಡಿದರು.

"ಅಲ್ಲಾ, ನಾಲ್ಕು ಮಂದಿಗೆ ಇಷ್ಟ್ಯಾಕ ಅಕ್ಕಿ ಹಾಕ್ತೀರಿ?" ಅಂದರು.